ಮೂರನೇ ಕೆಂಪು ಡ್ರಮ್ಮು

೪ನೇ ತಾರೀಖು, ಸೋಮವಾರ. ಬೆಳಿಗ್ಗೆ

ಇವತ್ತೂ ದೋಣಿ ಅಲ್ಲೇ ಕಟ್ಟಿದಾನೆ ಬಾಮೈದ. ಅದೇ ಮೂರನೇ ಕೆಂಪು ಡ್ರಮ್ಮಿಗೆ. ಅದರ ನೆರಳಿಗೆ ಮೀನು ಸೇರ್ತಾವಂತೆ. ಅಯ್ಯೋ ಮಾರಾಯ, ಡ್ರಮ್ಮು ಸಾಲಾಗಿ ತೇಲಿಬಿಟ್ಟಿರೋದೇ 'ಮುಂದೆ ಡ್ಯಾಮು, ಬರಬೇಡಿ' ಅನ್ನಕ್ಕೆ! ಮೇಲಿಂದ ಬರೋರಿಗೆ ಡ್ಯಾಮು ಕಾಣಲ್ಲ. ನೀರು ತಟ್ಟೆ ಹಾಗೆ ನುಣ್ಣಗೆ. ತಟ್ಟೆ ಮುಗಿದಾಗ್ಲೇ ಗೊತ್ತಾಗೋದು...

ಡ್ಯಾಮು ಕಾಯೋದೇ ನನ್ನ ಕೆಲಸ, ದಡದ ಗೋಡೆ ಮೇಲೆ ನಿಂತು ಆಫೀಸ್ ಮೈಕಲ್ಲಿ ಕೂಗ್ದೆ. "ಬಿಚ್ಚೋ!"

"ಡ್ರಮ್ಮಿಗೆ ನೋವಾಗುತ್ತಾ ಭಾವ?"

"ಡ್ರಮ್ಮಿಗಲ್ಲ ಕಣೋ, ನಿಮ್ಮಕ್ಕಂಗೆ!"

ದಡದಲ್ಲಿದ್ದೋರೆಲ್ಲ ನಕ್ರು. ಅವನೂ ನಕ್ಕ. ಬಿಚ್ಚಲಿಲ್ಲ.

ಅದೇ ದಿನ, ಸಂಜೆ

ಮನೆಗೆ ಬಂದಿದ್ದ. "ಇದ್ಯಾವ ಸೀಮೆ ಡ್ಯಾಮು ಭಾವ? ಎರಡಾಳೆತ್ತರ ಇಲ್ಲ. ಕರೆಂಟು ಕೊಡಲ್ಲ, ನೆರೆ ತಡೆಯಲ್ಲ."

ಹೇಳ್ದೆ — ಇದಿರೋದು ದೋಣಿಗಳಿಗೆ ಕಣಪ್ಪ, ನೀರು ನಿಲ್ಲಿಸಿ ಆಳ ಮಾಡಕ್ಕೆ. ಇದಿಲ್ದಿದ್ರೆ ಬೇಸಿಗೇಲಿ ಸರಕು ದೋಣಿ ಹೊಟ್ಟೆ ಮರಳಿಗೆ ಉಜ್ಜುತ್ತೆ. ಪಕ್ಕದಲ್ಲೇ ಲಾಕು, ಎರಡು ಗೇಟಿನ ದೊಡ್ಡ ತೊಟ್ಟಿ. ದೋಣಿ ಒಳಗೆ ಬಿಟ್ಟು ನೀರಿಳಿಸಿದ್ರೆ ದೋಣೀನೂ ಇಳಿಯುತ್ತೆ. ಮೆಟ್ಟಿಲಿಳಿಯೋ ಮದುಮಗಳ ಹಾಗೆ, ನಿಧಾನಕ್ಕೆ. ಹಾಗಂದಿದ್ದಕ್ಕೆ ಹೆಂಡತಿ ನಕ್ಕಳು. ಅವನು ಆಕಳಿಸಿದ.

೬, ಬುಧವಾರ

ಅವನ ಕೈ ಹಿಡಿದು ಡ್ಯಾಮಿನ ಕೆಳಗಡೆ ಕರ್ಕೊಂಡೋದೆ. ಒಂದು ಮರದ ತುಂಡು ಎಸೆದೆ. ಗೋಡೆ ದಾಟಿ ಬಿದ್ದ ನೀರು ಬುಡದಲ್ಲಿ ಹಿಂದಕ್ಕೇ ಸುತ್ತುತ್ತಲ್ಲ — ತುಂಡು ಮುಳುಗ್ತು, ಎದ್ದಿತು, ತಿರುಗಿ ಗೋಡೆಗೇ ಬಂತು. ಮತ್ತೆ ಮುಳುಗ್ತು. ಟೀ ಕುಡಿದು ಬಂದು ನೋಡಿದ್ರೂ ಅಲ್ಲೇ ಇತ್ತು.

"ನಾನೇನು ಮರದ ತುಂಡಾ ಭಾವ? ನನಗೆ ಈಜು ಬರುತ್ತೆ."

"ಅದಕ್ಕೆ ನಿನಗಿಂತ ಚೆನ್ನಾಗಿ ತೇಲಕ್ಕೆ ಬರುತ್ತೆ ಕಣೋ."

ನಗಲಿಲ್ಲ. ಆದ್ರೂ ಬುದ್ಧಿ ಬಂದ ಹಾಗೆ ಕಾಣಲಿಲ್ಲ.

೭, ಗುರುವಾರ

ಮತ್ತೆ ಕಟ್ಟಿದ್ದ. ಸಾಕು. ಲಾಕ್ ಮೇಸ್ತ್ರಿನ ಕೇಳ್ದೆ, "ನಿನ್ನ ಬಾಮೈದ, ನಿನ್ನ ತಲೆನೋವು, ಹೋಗು" ಅಂದ್ರು. ಆಫೀಸ್ ಬೋಟ್ ತಗೊಂಡೋಗಿ ಅವನ ದೋಣಿಗೆ ಹಗ್ಗ ಹಾಕಿ ದಡಕ್ಕೆ ಎಳ್ಕೊಂಡು ಬಂದೆ. ಅವನು, ಬಲೆ, ಮೀನು ಸಮೇತ. ಹಟ ಹಿಡಿದ ಎಮ್ಮೆ ಎಳೆದ ಹಾಗೆ. ಊರೆಲ್ಲ ನೋಡ್ತು.

"ಇನ್ನು ನಿಮ್ಮನೆ ಹೊಸ್ತಿಲು ತುಳಿಯಲ್ಲ!"

"ತುಳೀಬೇಡ. ಬದುಕಿರು."

ಹೆಂಡತಿ ಮಾತು ಬಿಟ್ಟಳು.

೧೦, ಭಾನುವಾರ

ಅವನು ಕಟ್ಟೋದು, ನಾನು ಎಳೆಯೋದು. ದಿನಾ ಇದೇ. ಮನೇಲಿ ಬಾಗಿಲು, ಪಾತ್ರೆ ಎಲ್ಲ ಮಾತಾಡ್ತಾವೆ, ಅವಳು ಮಾತ್ರ ಇಲ್ಲ. ಒಬ್ಬನೇ ತಮ್ಮ, ನಾಲ್ಕು ಜನರ ಮುಂದೆ ಮಾನ ತೆಗೆದೆ ಅಂತ. ತೆಗೆದೆ. ನಾಳೇನೂ ತೆಗೀತೀನಿ.

೧೨, ಮಂಗಳವಾರ. ಸಂಜೆ



ಮೇಲೆಲ್ಲೋ ಜೋರು ಮಳೆ. ನೀರು ಕೆಂಪಗೆ, ರಭಸ. ಬೆಳಿಗ್ಗೆ ಎಳ್ಕೊಂಡು ಬಂದೆ. ದಡದಲ್ಲಿ ನಿಂತು ಬೈತಾ ಇದ್ದ — ನನ್ನ ತಾತನವರೆಗೂ ಹೋಗಿದ್ದ. ಅಷ್ಟರಲ್ಲಿ ಟಣ್ ಅಂತು. ಸರಪಳಿ ಕಿತ್ತು ಮೂರನೇ ಡ್ರಮ್ಮು ಹೊರಟಿತು. ಡ್ಯಾಮಿನ ಅಂಚು ದಾಟಿ ಬಿತ್ತು. ಸುತ್ತಕ್ಕೆ ಶುರುವಾಯ್ತು.

ಬೈಗುಳ ಅರ್ಧಕ್ಕೇ ನಿಂತಿತು.

"ಭಾವ, ಸಾಲಲ್ಲಿ ಸಂದು ಬಿದ್ದಿದೆ. ಮೇಲಿಂದ ಬರೋರಿಗೆ ಗೊತ್ತಾಗಲ್ಲ" ಅಂದ. ಅವನೇ ದೋಣಿ ನೂಕಿದ. ಸಾಲಿಗಿಂತ ತುಂಬಾ ಮೇಲೆ, ದಡದ ಹತ್ರ ಇಬ್ಬರೂ ಲಂಗರು ಹಾಕಿ ನಿಂತ್ವಿ. ಬಂದ ದೋಣಿಗೆಲ್ಲ ಕೆಂಪು ಬಟ್ಟೆ ಬೀಸಿ ಲಾಕ್ ಕಡೆ ತಿರುಗಿಸಿದ್ವಿ. ಒಬ್ಬ ಕೇಳಲಿಲ್ಲ. ಅವನ ತಾತನವರೆಗೂ ಹೋದ ನಮ್ಮ ಬಾಮೈದ. ಆ ದೋಣಿಯೋನೂ ತಿರುಗಿಸಿದ.

ನಾಳೆ ಹೊಸ ಡ್ರಮ್ಮು ಕಟ್ಟಬೇಕು. ನೀರು ಇಳಿಯೋ ಹಾಗೆ ಕಾಣಲ್ಲ. ಕಟ್ಟೇ ಕಟ್ತೀವಿ. ಮೇಸ್ತ್ರಿ ಸೊಂಟಕ್ಕೆ ಹಗ್ಗ ಇಲ್ದೆ ಬೋಟ್ ಹತ್ತಿಸಲ್ಲ ಅಂದಿದಾರೆ. ಹಗ್ಗ ಹಿಡಿಯೋದು ನಾನೇ ಅಂತ ಅವನು, ಇಲ್ಲ ನಾನೇ ಅಂತ ನಾನು—

"ಏನ್ರೀ, ಕಿವಿ ಕೇಳಿಸಲ್ವಾ? ಬರೆದದ್ದು ಸಾಕು, ಊಟಕ್ಕೆ ಬನ್ನಿ. ನನ್ನ ತಮ್ಮ ತಟ್ಟೆ ಮುಂದೆ ಕೂತ್ಕೊಂಡು ನಿಮಗೇ ಕಾಯ್ತಾ ಇದಾನೆ!"

ಅವಳೇ ಕೂಗಿದ್ದು. ಐದು ದಿನ ಆದ ಮೇಲೆ ಮೊದಲ ಮಾ—