ಹುಲಿಗೆಮ್ಮಜ್ಜಿಯ ಬೇರೆ ತಟ್ಟೆ

ಗಂಗಾವತಿ
೨೧೬೦ನೇ ಇಸವಿ, ಫೆಬ್ರವರಿ ಮೂವತ್ತು

ಹುಲಿಗೆಮ್ಮಜ್ಜಿಯವರಿಗೆ, ನಿಮ್ಮ ಮೊಮ್ಮಗಳು ಸಿಂಚನಾಳ ಮರಿಮಗಳು ದ್ಯಾಮಕ್ಕ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಆರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ನಾಲ್ಕು ಸಲ ಹರಿದು ಐದನೇ ಸಲ ಬರೆಯುತ್ತಿದ್ದೇನೆ. ಹಾಲು ಉಕ್ಕಿತೇನೋ, ಬಾಗಿಲು ಹಾಕಿದೆನೋ ಇಲ್ಲವೋ ಎಂದು ದಿನವಿಡೀ ಒದ್ದಾಡುವ ಜೀವ ನನ್ನದು. ಆದರೆ ಇದೊಂದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ: ಅಜ್ಜೀ, ನಿಮ್ಮ ಹೆಪಟೈಟಿಸ್ ಸಿ ವಾಸಿಯಾಗಿದೆ.

ದಿನಕ್ಕೊಂದರಂತೆ ಎಂಬತ್ನಾಲ್ಕು ಗುಳಿಗೆ ತಪ್ಪದೆ ನುಂಗಿದಿರಿ. ಮುಗಿದು ಹನ್ನೆರಡು ವಾರಕ್ಕೆ ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟಿರಿ. ವರದಿ ತರುವ ಮೊದಲೇ, ಈ ಕಾಗದ ನಿಮ್ಮ ಕೈ ಸೇರುವ ದಿನದ ಲೆಕ್ಕದಲ್ಲಿ ನಿನ್ನೆ, ಓಣಿಯ ಆರೋಗ್ಯ ಶಿಬಿರದಲ್ಲಿ ಬೆರಳು ಚುಚ್ಚಿದರು, ಪರೀಕ್ಷೆಯ ಪಟ್ಟಿಯ ಮೇಲೆ ಮತ್ತೆ ಅದೇ ರೋಗದ ಗೆರೆ. ನಿಮ್ಮ ನೆಗೆಣ್ಣಿ ಪಾರವ್ವ ಅಂದ ಮಾತು ನಮ್ಮ ಕಾಲದವರೆಗೂ ಬಂದಿದೆ: "ಇಷ್ಟು ಗುಳಿಗಿ ನುಂಗಿದ್ರೂ ಗೆರಿ ಹೋಗಲಿಲ್ಲಂದ್ರ, ಇದು ನಿನ್ನ ಜೊತಿಗೇ ಹೋಗೋದು ಬಿಡವಾ."

ಅದನ್ನು ನಂಬಿ ನೀವು ವರದಿ ತರಲು ಹೋಗುವುದೇ ಇಲ್ಲ. ನಾಳೆ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆಯ ಅಂಚಿಗೆ "ಹುಲಿಗೆಮ್ಮ, ಬೇರೆ" ಎಂದು ಹೊಡೆಸುತ್ತೀರಿ. ಇಪ್ಪತ್ತೆರಡು ವರ್ಷ ಅದರಲ್ಲೇ ಒಬ್ಬರೇ ಉಣ್ಣುತ್ತೀರಿ. ನಾನು ಚಿಕ್ಕವಳಿದ್ದಾಗ ಮುತ್ತಜ್ಜಿ ಸಿಂಚನಾ ಹೇಳುತ್ತಿದ್ದಳು: "ಎತ್ಕೋ ಅಂತ ನಾ ಅತ್ತರ, ಅಜ್ಜಿ ಸೆರಗು ಸುತ್ಕೊಂಡು ಹಿಂದಕ್ಕ ಸರೀತಿದ್ಲು. ಸಿಟ್ಟು ಅನ್ಕೊಂಡಿದ್ದೆ ನಾನು."

ನಮ್ಮ ಹಾಲಿನ ಅಂಗಡಿಯ ಗೋಡೆಯಲ್ಲಿ ರಕ್ತಗನ್ನಡಿ ಇರುತ್ತದೆ. ಹಾಲು ತರುವಾಗ ಬೆರಳಿಟ್ಟರೆ ಎರಡು ಗೆರೆ ಬೇರೆ ಬೇರೆ ತೋರಿಸುತ್ತದೆ: ಒಂದು ಮೈಯಲ್ಲಿ ಈಗ ಇರುವ ರೋಗದ್ದು, ಇನ್ನೊಂದು ಬಂದು ಹೋದ ರೋಗದ್ದು. ಎರಡನೆಯದಕ್ಕೆ ನಾವು ನೆರಳುಗೆರೆ ಅನ್ನುತ್ತೇವೆ. ವೈರಸ್ ಹೋದರೂ ಅದರೊಡನೆ ಕಾದಾಡಿದ ಗುರುತನ್ನು ರಕ್ತ ಸಾಯುವತನಕ ಇಟ್ಟುಕೊಂಡಿರುತ್ತದೆ. ನಿಮ್ಮ ಶಿಬಿರದ ಪಟ್ಟಿ ತೋರಿಸಿದ್ದು ಆ ನೆರಳನ್ನು. ವೈರಸ್ ಇದೆಯೋ ಇಲ್ಲವೋ ಎಂದು ಹೇಳುವುದು ದೊಡ್ಡಾಸ್ಪತ್ರೆಯ ವರದಿ. ಹಳೆಯ ಆಸ್ಪತ್ರೆ ಕಾಗದಗಳನ್ನು ಈಚೆಗೆ ವಾರಸುದಾರರಿಗೆ ಹಂಚಿದಾಗ ಅದು ನನ್ನ ಕೈಗೆ ಬಂತು. ಮೂರು ಜನರಿಂದ ಓದಿಸಿದೆ. ಮೂವರೂ ಒಂದೇ ಹೇಳಿದರು: ವೈರಸ್ ಪತ್ತೆಯಾಗಿಲ್ಲ.

ಇನ್ನೊಂದು, ಈ ರೋಗ ಇದ್ದಾಗಲೂ ತಟ್ಟೆಯಿಂದ, ಅಪ್ಪುಗೆಯಿಂದ ಹರಡುವುದಿಲ್ಲ, ರಕ್ತದಿಂದ ಹರಡುತ್ತದೆ. ಒಮ್ಮೆ ವಾಸಿಯಾದವರಿಗೂ ಹೊಸದಾಗಿ ಬರಬಹುದು, ಅದಕ್ಕೆ ಒಬ್ಬರು ಬಳಸಿದ ಸೂಜಿ, ಬ್ಲೇಡು ಇನ್ನೊಬ್ಬರಿಗೆ ಬೇಡ. ಇಷ್ಟು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಾಳೆ ಪಾತ್ರೆ ಅಂಗಡಿಗೆ ಹೋಗಬೇಡಿ; ಮುಂದೆ ಎಂದಾದರೂ ತಟ್ಟೆಗೆ ಹೊಡೆಸಿದರೆ ಬರೀ ಹೆಸರು ಹೊಡೆಸಿ. ದೊಡ್ಡಾಸ್ಪತ್ರೆಗೆ ಹೋಗಿ ವರದಿ ತನ್ನಿ, ಪಾರವ್ವನ ಮುಂದೆ ಜೋರಾಗಿ ಓದಿಸಿ. ಆಮೇಲೆ ಸಿಂಚನಾಳನ್ನು ಎತ್ತಿಕೊಳ್ಳಿ.

ತಟ್ಟೆ ಈಗಲೂ ನಮ್ಮ ಮನೆಯಲ್ಲಿದೆ. ದಿನಾ ತೊಳೆಯುವಾಗ ಅಂಚಿನ ಮೇಲೆ ಹೆಬ್ಬೆರಳಾಡಿಸುತ್ತೇನೆ. ನಾಳೆಯೂ ಆಡಿಸುತ್ತೇನೆ. ನಿಮ್ಮ ಹೆಸರು ಕೈಗೆ ಹತ್ತಲಿ ಅಜ್ಜೀ, ಅದರ ಮುಂದಿನ ಜಾಗ ನುಣ್ಣಗಿರಲಿ.