ಕೆಂಪು ಎಂಬ ಕವಿಸಮಯ

ಇಟ್ಟಮಡು, ಬೆಂಗಳೂರು
೧೪ ಮೇ ೨೦೨೫

ಪ್ರೀತಿಯ ಅಪ್ಪಾಜಿ,

ಮಂಡಿನೋವು ಹೇಗಿದೆ? ಅಣ್ಣ ತಂದುಕೊಟ್ಟ ಎಣ್ಣೆಯನ್ನು ಕಪಾಟಿನಲ್ಲೇ ಇಟ್ಟಿದ್ದೀರಂತೆ, ದಯವಿಟ್ಟು ಹಚ್ಚಿಕೊಳ್ಳಿ. ತುಮಕೂರಿನ ಬಿಸಿಲಿಗೆ ಮಧ್ಯಾಹ್ನ ಹೊರಗೆ ಹೋಗಬೇಡಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ನನಗೆ ಇದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ, ಅದಕ್ಕೇ ಕಾಗದ.

ಲಿಖಿತ್‌ಗೆ ರೈಲು ಓಡಿಸುವ ಕೆಲಸ ಸಿಗಲಿಲ್ಲ. ನಿಮ್ಮ ಮೊಮ್ಮಗ ಪರೀಕ್ಷೆ ಪಾಸಾದನೆಂದು ನೀವು ಬೀದಿಗೆಲ್ಲ ಪೇಡ ಹಂಚಿದ್ದಿರಿ. ಆಮೇಲಿನ ವೈದ್ಯಕೀಯ ತಪಾಸಣೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರಂತೆ. ಎಲ್ಲರಿಗೂ ಅಂಕಿ ಕಂಡ ಪುಟದಲ್ಲಿ ಇವನಿಗೆ ಬರೀ ಚುಕ್ಕೆ. ಕೆಂಪು, ಹಸಿರು ಇವನಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಹೆತ್ತ ನನಗೇ ಇಷ್ಟು ವರ್ಷ ಗೊತ್ತಾಗಲಿಲ್ಲ. ನಂಬಲಾಗದೆ ಜಯನಗರದ ಕಣ್ಣಿನ ಡಾಕ್ಟರ ಬಳಿ ಮತ್ತೊಮ್ಮೆ ಕರೆದೊಯ್ದೆ. ಆಕೆ ಚೀಟಿಯ ಮೇಲೆ ಎಕ್ಸ್, ವೈ ಎಂಬ ವರ್ಣತಂತುಗಳನ್ನು ಬರೆದು ವಿವರಿಸಿದರು. ಈ ದೋಷ ಇರುವುದು ಎಕ್ಸ್‌ನಲ್ಲಿ. ತಂದೆಯ ಎಕ್ಸ್ ಹೋಗುವುದು ಮಗಳಿಗೆ ಮಾತ್ರ. ಅವಳಿಗೆ ತಾಯಿಯ ಒಳ್ಳೆಯ ಎಕ್ಸ್ ಇರುವುದರಿಂದ ತೊಂದರೆಯಿಲ್ಲ, ಆದರೆ ಅವಳ ಮಗನಿಗೆ ದಾಟಬಹುದು. ಆಮೇಲೆ ಕೇಳಿದರು, "ನಿಮ್ಮ ತಂದೆಗೆ ಬಣ್ಣ ಸರಿಯಾಗಿ ಕಾಣತ್ತಾ?"

ನನಗೆ ನಿಮ್ಮ ತರಗತಿಯಲ್ಲಿ ಕೂತು ಕೇಳಿದ ಕನ್ನಡ ಪಾಠ ನೆನಪಾಯಿತು. ಹಳಗನ್ನಡ ಕಾವ್ಯದಲ್ಲಿ ಹಸಿರು ಕಾಡಿನ ನಡುವೆ ಕೆಂಪು ಹೂ ದೂರದಿಂದಲೇ ಉರಿಯುವಂತೆ ಕಂಡಿತೆಂಬ ವರ್ಣನೆ ಬಂದಾಗಲೆಲ್ಲ, ಇದು ಬರೀ ಕವಿಸಮಯ, ಹಂಸ ಹಾಲು ನೀರು ಬೇರೆ ಮಾಡುತ್ತದೆಂದು ಕವಿಗಳು ರೂಢಿಗೆ ಹೇಳುವುದಿಲ್ಲವೇ, ಹಾಗೆ ಎನ್ನುತ್ತಿದ್ದಿರಿ. ಇಡೀ ತರಗತಿ ಹಾಗೇ ಬರೆದು ಅಂಕ ತೆಗೆದುಕೊಂಡಿತು. ಡಾಕ್ಟರ ಎದುರೇ ನಗು ಬಂತು ನನಗೆ. ಲಿಖಿತ್ ನಗಲಿಲ್ಲ. ಕಾವ್ಯಗಳಲ್ಲಿ ವಂಶಕ್ಕೆ ಕುತ್ತು ಬಂದರೆ ಹಿಂದೆ ಯಾರೋ ಋಷಿ ಇರುತ್ತಾನೆ, ಕಾಲು ಹಿಡಿದರೆ ಉಃಶಾಪ ಕೊಡುತ್ತಾನೆ. ಈ ಎಕ್ಸ್‌ಗೆ ಕಾಲೇನೋ ಎರಡಿವೆ, ಹಿಡಿದು ಪ್ರಯೋಜನವಿಲ್ಲ. ಅಣ್ಣನ ಪಾಲಿಗೆ ನಿಮ್ಮ ವೈ ಮತ್ತು ಮನೆ, ನನ್ನ ಪಾಲಿಗೆ ಎಕ್ಸ್ ಮತ್ತು ಕವಿಸಮಯ.

ನಗು ಮನೆಯವರೆಗೂ ಉಳಿಯಲಿಲ್ಲ. ಅಮ್ಮನ ನೆನಪಾಯಿತು. ನನ್ನ ನಿಶ್ಚಿತಾರ್ಥದ ದಿನ ಅವರು ಕೆಂಪು ರೇಷ್ಮೆ ಉಟ್ಟು ನಿಮ್ಮೆದುರು ನಿಂತಿದ್ದರು. ಮೊದಲು ಉಟ್ಟಿದ್ದ ಹಸಿರು ಸೀರೆಯನ್ನು ಇನ್ನೂ ಬದಲಾಯಿಸಿಲ್ಲವೇ ಎಂದಿರಿ ನೀವು. ಅಮ್ಮ ಅಡುಗೆಮನೆಗೆ ಬಂದು ನನ್ನ ಹತ್ತಿರ ಹೇಳಿದರು, "ನಿಮ್ಮಪ್ಪಂಗೆ ಕಾವ್ಯದಲ್ಲಿರೋ ಹೆಂಗಸ್ರೇ ಕಣೇ ಕಾಣೋದು." ಆ ಬೇಸರವನ್ನು ಅವರು ಕೊನೆಯವರೆಗೂ ಇಟ್ಟುಕೊಂಡಿದ್ದರು. ಈ ಚೀಟಿ ಮೂರು ವರ್ಷ ಮೊದಲೇ ಸಿಕ್ಕಿದ್ದರೆ ಅವರ ಕೈಗೆ ಕೊಡುತ್ತಿದ್ದೆ.

ಅಣ್ಣ ಅತ್ತಿಗೆಗೆ ನನ್ನ ನೆನಪು ತಿಳಿಸಿ. ನಿಮ್ಮ ಪಾದಗಳಿಗೆ ಶರಣು.

ನಿಮ್ಮ ಮಗಳು,
ಇಂದ್ರಾಣಿ

ಮರೆತಿದ್ದೆ: ಮುಂದಿನ ಭಾನುವಾರ ಲಿಖಿತ್‌ನನ್ನು ಅಲ್ಲಿಗೆ ಕಳಿಸುತ್ತಿದ್ದೇನೆ. "ಅಜ್ಜಂಗೆ ಹೇಳ್ಬೇಡ ಅಮ್ಮ, ಅವ್ರಿಗೆ ಇಲ್ಲೀವರ್ಗೂ ಏನೂ ಕಮ್ಮಿ ಆಗಿಲ್ಲ" ಎಂದಿದ್ದ. ನಾನು ಹೇಳಿಬಿಟ್ಟೆ. ಗೊತ್ತಿಲ್ಲದವರಂತೆ ಇರಬೇಡಿ ಅಪ್ಪಾಜಿ, ಸಮಾಧಾನವನ್ನೂ ಹೇಳಬೇಡಿ. ಜೊತೆಗೆ ಸುಮ್ಮನೆ ಒಂದಿಷ್ಟು ದೂರ ನಡೆದುಬನ್ನಿ. ಅವನಿಗೆ ಲೋಕ ಹೇಗೆ ಕಾಣುತ್ತದೋ ಹಾಗೇ ಅದು ಕಾಣುವುದು ನಮ್ಮಲ್ಲಿ ನಿಮಗೊಬ್ಬರಿಗೇ.