ಹೆಸರು ಹೇಳಿದ ಮೇಲೆ

೧೯೩೮ ಜನವರಿ ೧೧, ಮಂಗಳವಾರ. ಬೆಳಿಗ್ಗೆ

ಇವತ್ತೂ ಹಂಡೆಯ ಮುಂದೆ ಕೂತು ಅದೇ ವಾಕ್ಯ. ಹೌ ಡು ಯು ಡು. ನೀರು ಕಾಯಿತು. ನಾಲಿಗೆಯ ಬಿಗುವು ಹೋಗಲಿಲ್ಲ.

ನಾಲ್ವತ್ತೆಂಟು ವಯಸ್ಸು. ಹೆಣ್ಣುಮಕ್ಕಳ ವಿದ್ಯಾಪೀಠದ ಪದವಿ ಇದೆ. ಆದರೆ ಕಲಿತದ್ದೆಲ್ಲ ಪುಣೆಯಲ್ಲಿ, ಮರಾಠಿಯೊಳಗೆ. ಇಂಗ್ಲಿಷ್ ಕವಿತೆ ಓದುತ್ತೇನೆ, ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು. ಕಣ್ಣು ತುಂಬುವಷ್ಟು ತಿಳಿಯುತ್ತದೆ. ಎದುರಿಗೆ ಒಬ್ಬರು ಬಂದು ನಿಂತರೆ ಮಾತ್ರ ಒಂದು ವಾಕ್ಯ ಹೊರಡುವುದಿಲ್ಲ.

ಕಚೇರಿಯ ಕಾಗದ ನಿನ್ನೆ ಬಂತು. ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಟ್ರೆಸ್, ಮಿಸ್ ಹಾಲ್ಡನ್, ಫೆಬ್ರುವರಿ ಎರಡಕ್ಕೆ ಶಿಗ್ಗಾಂವಿಗೆ. ಯಲವಿಗಿಯಲ್ಲಿ ರೈಲು ಇಳಿದು ಸವಣೂರಿನ ಮೇಲೆ ಮೋಟಾರು. ನಾನು ನಡೆಸುವ ಈ ಶಾಲೆಯ ಕೊನೆಯ ತರಗತಿ, ಏಳನೆಯ ಇಯತ್ತೆ, ಜೂನ್‌ನಿಂದ ಇರಬೇಕೋ, ಮುಚ್ಚಬೇಕೋ — ಅವರೇ ಬರೆಯುವವರು. ಏಳು ಇಲ್ಲದಿದ್ದರೆ ಮುಲ್ಕಿ ಪರೀಕ್ಷೆ ಇಲ್ಲ. ಮುಲ್ಕಿ ಇಲ್ಲದೆ ಈ ಹುಡುಗಿಯರಲ್ಲಿ ಒಬ್ಬಳೂ ಶಾಲೆ ಕಲಿಸುವ ಕೆಲಸಕ್ಕೆ ಹೋಗುವಂತಿಲ್ಲ. ಆಮೇಲೆ ಒಲೆ, ತೊಟ್ಟಿಲು.

ಹೋದ ವರ್ಷ ಬಂದಿದ್ದ ಸಾಹೇಬರ ಮುಂದೆ ಅರ್ಧ ತಾಸು ಕನ್ನಡದಲ್ಲಿ ಹೇಳಿದೆ. ಶಾಲೆಯ ಕಮಿಟಿಯ ಕುಬೇರಪ್ಪನವರು ಅದನ್ನು ನಾಲ್ಕು ಶಬ್ದಗಳಲ್ಲಿ ಇಂಗ್ಲಿಷ್ ಮಾಡಿದರು. ಸಾಹೇಬರು ಗೋಣು ಹಾಕಿದರು. ಯಾವುದಕ್ಕೆ ಹಾಕಿದರೋ.

ಈ ಸಲ ನಡುವೆ ಯಾರೂ ಬೇಡ. ನಾನೇ.

ಜನವರಿ ೧೩. ಸಂಜೆ

ಕುಬೇರಪ್ಪನವರು ಬಂದಿದ್ದರು. ಕೈಯಲ್ಲಿ ಸಂಕ್ರಮಣದ ಕುಸುರೆಳ್ಳು. ಮೇಜಿನ ಮೇಲಿದ್ದ ನನ್ನ ಸಂಭಾಷಣೆಯ ಪುಸ್ತಕ ಕಂಡಿತು. ಎತ್ತಿ ಹಾಳೆ ತಿರುವಿದರು. ನಕ್ಕರು.

"ಈ ವಯಸ್ಸಿನ್ಯಾಗ ಯಾಕ ತ್ರಾಸ ತಗೋತೀರ್ರಿ, ಅಕ್ಕಾರ? ನೀವು ಕನ್ನಡದಾಗ ಹೇಳ್ರಿ. ನಾ ಇಂಗ್ಲಿಷ್‌ನ್ಯಾಗ ದಾಟಸ್ತೇನಿ."

"ಹೋದ ವರ್ಷ ದಾಟಿಸಿದ್ರಲ್ರಿ. ಅರ್ಧಾ ಹೊಳಿಯೊಳಗ ಉಳೀತು."

ಮತ್ತೆ ನಕ್ಕರು. ಸಿಟ್ಟು ಮಾಡುವವರಲ್ಲ, ಅದೇ ಕಷ್ಟ. ಏಳನೆಯವರ ಕೋಣೆ ಗಂಡುಮಕ್ಕಳ ಇಂಗ್ಲಿಷ್ ಕ್ಲಾಸಿಗೆ ಬೇಕಾಗಿದೆ ಅವರಿಗೆ. ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಕುಸುರೆಳ್ಳು ಹುಡುಗಿಯರಿಗೆ ಹಂಚಿದೆ.

ಜನವರಿ ೧೬, ಭಾನುವಾರ

ರಮಜಾನಬಿ ವೀಳ್ಯದೆಲೆಯ ಪೆಂಡಿ ಹೊತ್ತು ಬಂದಳು. ವಾರಕ್ಕೊಮ್ಮೆ ಸವಣೂರಿನಿಂದ ಬರುತ್ತಾಳೆ. ಎಲೆ ಮಾರಿದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡು ಹೋಗುವುದು ರೂಢಿ. ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಹೇಳಿ ನೋಡಬೇಕಾಗಿತ್ತು ನನಗೆ. ಇನ್‌ಸ್ಪೆಕ್ಟ್ರೆಸ್ ಮಡಮ್ಮನ ಹಾಗೆ ಕೂತುಕೊಳ್ಳುತ್ತೀಯಾ ಎಂದು ಕೇಳಿದೆ.

"ನಾ ಮಡಮ್ಮ ಆಗ್ಲ್ಯಾ? ಆಗ್ತೇನಿ ತಗೋರಿ. ಮಡಮ್ಮ ನೆಲದ ಮ್ಯಾಲ ಕುಂದರಂಗಿಲ್ಲ, ಖುರ್ಚಿ ಕೊಡ್ರಿ."

ಕೊಟ್ಟೆ. ಕಾಲ ಮೇಲೆ ಕಾಲು ಹಾಕಿ ಕೂತಳು. ಮೂಗು ಮೇಲೆ ಮಾಡಿದಳು.

ಪುಸ್ತಕದ ಪ್ರಕಾರ ನಾನು — ಗುಡ್ ಮಾರ್ನಿಂಗ್. ಹವೆ ಬಹಳ ಹಿತವಾಗಿದೆ, ಅಲ್ಲವೇ?

ಆಕೆ — "ಯಸ್."

ನಾನು — ಪ್ರಯಾಣ ಸುಖಕರವಾಗಿತ್ತೆಂದು ನಂಬಿದ್ದೇನೆ.

"ಯಸ್. ಮಕ್ಕಳೆಷ್ಟ್ರಿ ನಿಮಗ?"

"ಅವರು ಹಂಗ ಕೇಳಂಗಿಲ್ಲ, ರಮಜಾನಬಿ."

"ಕೇಳಂಗಿಲ್ಲ? ಮತ್ತ ನೀವು ಯಾರಂತ ಹ್ಯಾಂಗ ತಿಳೀಬೇಕ್ರೆವ್ವ ಅವರಿಗೆ?"

ಬಾಗಿಲ ಹಿಂದೆ ಕಿಸಕ್ಕೆಂದ ಸದ್ದು. ಗುತ್ತೆವ್ವ. ಆರನೆಯ ಇಯತ್ತೆಯ ಹುಡುಗಿ, ಓಣಿಯಾಚೆಯ ಮನೆ. ಹಾಲು ತಂದವಳು ಅಲ್ಲೇ ನಿಂತು ಎಲ್ಲ ಕೇಳಿದ್ದಾಳೆ.

ರಮಜಾನಬಿ ಏಳುವಾಗ ಕೇಳಿದಳು: "ಹವಾ ಆತು, ಹೆಸರಾತು. ಮುಂದ?"

ಮುಂದಿನದು ಇನ್ನೂ ಕಲಿತಿಲ್ಲ ಅಂದೆ. ಮೊದಲು ಶುರು ಆಗಲಿ.

ಜನವರಿ ೧೯

ಬೆಳಿಗ್ಗೆ ಓಣಿಯಲ್ಲಿ ಹೋಗುವಾಗ ಕೇಳಿಸಿತು. ಗುತ್ತೆವ್ವ ಸಗಣಿ ಬಳಿಯುತ್ತ ಎಮ್ಮೆಗೆ ಹೇಳುತ್ತಿದ್ದಳು: "ಹೌ ಡು ಯು ಡು? ಐ ಆಮ್ ಗುತ್ತೆವ್ವ. ಸರಿ ಅತ್ಲಾಗ, ಬಾಲಾ ಬೀಸಬ್ಯಾಡ."

ನನಗಿಂತ ಸಲೀಸು.

ಅವಳ ಅಪ್ಪ ಮಲ್ಲೇಶಪ್ಪ ಹೊರಗೇ ಇದ್ದ. ಜೋಳದ ಹೊಲಕ್ಕೆ ಹೊರಟಿದ್ದವನು ನಿಂತ. "ಅಕ್ಕಾರ, ಖರೇ ಹೇಳ್ರಿ. ಏಳನೇತ್ತಾ ಇರತೈತೋ ಇಲ್ಲೋ? ಇತ್ತಂದ್ರ ಕಳಸ್ತೇನಿ, ನಂದೇನೂ ತಕರಾರಿಲ್ಲ. ಇಲ್ಲಂದ್ರ ಸುಮ್ನ ಮನ್ಯಾಗ ಕುಂದರಸೋದು ಛಲೋ ಅಲ್ಲರಿ. ಬ್ಯಾಡಗಿಯವರು ಹೆಣ್ಣು ಕೇಳಾಕತ್ತಾರ."

ಇರುತ್ತದೆ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಗುತ್ತೆವ್ವನಿಗೆ ಹದಿನಾಲ್ಕು. ಆ ವಯಸ್ಸಿಗೆ ನನ್ನ ಮದುವೆ ಆಗಿಯೂ ಆಗಿತ್ತು, ಮುಗಿದೂ ಹೋಗಿತ್ತು.

ಜನವರಿ ೨೭

ಎಂಟು ದಿನ ಬರೆಯಲಿಲ್ಲ. ಓದಿದ್ದೇ ಓದಿದೆ. ಪುಸ್ತಕದಲ್ಲಿ ಜನ ಹಡಗಿನಲ್ಲಿ ಭೇಟಿಯಾಗುತ್ತಾರೆ, ಚಹದ ಕೂಟದಲ್ಲಿ ಭೇಟಿಯಾಗುತ್ತಾರೆ, ಟೋಪಿ ಎತ್ತುತ್ತಾರೆ. ನಾನು ಇಂಥವನು, ನೀವು ಇಂಥವರು, ಬಹಳ ಸಂತೋಷ. ಪಾಠ ಮುಗಿಯಿತು. ಈ ಪುಸ್ತಕದಲ್ಲಿ ಯಾರೂ ಯಾರ ಹತ್ತಿರವೂ ಏನನ್ನೂ ಬೇಡುವುದಿಲ್ಲ. ಹೊಟ್ಟೆ ತುಂಬಿದವರ ಮಾತು.

ಹೆಸರಿನದೊಂದು ತೊಡಕು. ಊರಿಗೆಲ್ಲ ನಾನು ಅಕ್ಕಾರು. ಪುಣೆಯ ವಸತಿಗೃಹದ ಮೇಲ್ವಿಚಾರಕಿ ಬಾಯಿಯವರು ನನ್ನ ಹುಟ್ಟುಹೆಸರು 'ಅಡಿವೆವ್ವ' ನಾಲಿಗೆಗೆ ಹತ್ತದೆಂದು 'ವನಮಾಲಾಬಾಯಿ' ಮಾಡಿದ್ದರು. ಸರ್ಟಿಫಿಕೇಟಿನಲ್ಲಿ ಅದೇ ಇದೆ. ಅಡಿವೆವ್ವ ಎಂದು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿಲ್ಲ. ನನ್ನ ಬಾಯಲ್ಲಿಯೂ.

ಐ ಆಮ್ — ಇಲ್ಲಿಗೆ ಬಂದು ನಿಲ್ಲುತ್ತೇನೆ. ನಮ್ಮಲ್ಲಿ ಇಂಥವರ ಮಗಳು, ಇಂಥವರ ಸೊಸೆ ಎಂದರೆ ಸಾಕು, ಹೆಸರನ್ನು ಯಾರು ಕೇಳುತ್ತಾರೆ? ಇವರಿಗೆ ಹೆಸರೊಂದೇ ಬೇಕು. ಬೋಳು ಹಣೆಯ ಹಾಗೆ, ಹಿಂದುಮುಂದು ಏನೂ ಇಲ್ಲದೆ.

ಸಂಜೆ ಕವಿತೆ ಓದಲು ಕೂತೆ. ಮನಸ್ಸು ನಿಲ್ಲಲಿಲ್ಲ. ಒಂದು ಮಾತು ಹೊಳೆಯಿತು: ಕವಿತೆ ಯಾರಿಗೂ ನಮಸ್ಕಾರ ಹೇಳುವುದಿಲ್ಲ. ನಡುವಿನಿಂದಲೇ ಶುರು.

ಫೆಬ್ರುವರಿ ೨, ಬುಧವಾರ. ಬೆಳಿಗ್ಗೆ

ಶಾಲೆಯ ಅಂಗಳಕ್ಕೆ ಎರಡು ಸಲ ನೀರು ಹೊಡೆಸಿದೆ. ಗುತ್ತೆವ್ವನ ಇಯತ್ತೆಯ ಹಮೀದುನ್ನೀಸಾ ಹೊಸ ಓಢಣಿ ಹೊದ್ದು ಬಂದಿದ್ದಾಳೆ. ಗುತ್ತೆವ್ವ ಎಣ್ಣೆ ಸುರಿಯುವಂತೆ ತಲೆ ಬಾಚಿದ್ದಾಳೆ. ಕುಬೇರಪ್ಪನವರು ಕೋಟು ಹಾಕಿ ನಿಂತಿದ್ದಾರೆ.

ಮೋಟಾರಿನ ಹಾರ್ನ್ —

ಅದೇ ದಿನ. ಮಧ್ಯಾಹ್ನ

ಹೇಳಿದೆ! ಮೋಟಾರಿನ ಧೂಳು ಇಳಿಯುವ ಮೊದಲೇ, ಕುಬೇರಪ್ಪನವರು ಕೈ ಚಾಚುವ ಮೊದಲೇ. ಹೌ ಡು ಯು ಡು. ಐ ಆಮ್ ಅಡಿವೆವ್ವ. ಐ ಆಮ್ ದ ಹೆಡ್‌ಮಿಸ್ಟ್ರೆಸ್.

ಬಂದೇ ಬಿಟ್ಟಿತು ಆ ಹೆಸರು. ನಾನು ಕರೆದಿರಲಿಲ್ಲ.

ಮಿಸ್ ಹಾಲ್ಡನ್ ತೆಳ್ಳಗೆ, ನನ್ನದೇ ವಯಸ್ಸು ಇರಬೇಕು. ಹೆಸರಿನ ಅರ್ಥವೇನೆಂದು ಕೇಳಿದರು. ಆಫ್ ದ ಫಾರೆಸ್ಟ್, ಅಂದೆ. ಅವರ ಮುಖ ಅರಳಿತು. ತಮ್ಮ ತಂದೆಯ ಮನೆಯ ಹಿಂದೆ ಅಡವಿ ಇತ್ತಂತೆ. ವಸಂತದಲ್ಲಿ ಅಲ್ಲಿ ಅರಳುವ ಒಂದು ಹೂವಿನ ಹೆಸರು ಹೇಳಿದರು. ನಾನು ಆ ಹೂವನ್ನು ಕಂಡಿಲ್ಲ, ಕವಿತೆಯಲ್ಲಿ ಮಾತ್ರ ಬಲ್ಲೆ ಅಂದೆ. ಯಾವ ಕವಿತೆ? ಒಂದು ಸಾಲು ಹೇಳಿದೆ. ಮುಂದಿನ ಸಾಲು ಅವರು. ಅದರ ಮುಂದಿನದು ನಾನು.

ತಪ್ಪು ಮಾಡಿದೆ, ತಡವರಿಸಿದೆ. ಅವರು ಕಾದರು. ಹುಡುಗಿಯರ ಹಾಡು ಕೇಳಿದರು, ಹೊಲಿಗೆ ನೋಡಿದರು, ಮತ್ತೆ ಬಂದು ನನ್ನ ಪಕ್ಕದಲ್ಲೇ ಕೂತರು. ಕುಬೇರಪ್ಪನವರಿಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ. ಹೊರಡುವಾಗ ನನ್ನ ಎರಡೂ ಕೈ ಹಿಡಿದು, ಈ ಜಿಲ್ಲೆಯಲ್ಲಿ ಇಂಥ ಮಾತು ಆಡಿ ಬಹಳ ದಿನವಾಯಿತು ಅಂದರು.

ನನಗೂ. ಅದನ್ನು ಇಂಗ್ಲಿಷಿನಲ್ಲೇ ಅಂದೆ.

ಅದೇ ದಿನ. ಸಂಜೆ

ಚಹದ ಕಪ್ಪು ತೊಳೆಯುತ್ತಿದ್ದೆ. ಗುತ್ತೆವ್ವ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾರ, ಮಡಮ್ಮಾರು ಏನಂದ್ರು? ಏಳನೇತ್ತಾ ಐತೇನ್ರಿ?"

ಕಪ್ಪು ಬೋರಲಿಟ್ಟೆ.

ಕೇಳಲಿಲ್ಲ. ನಾನು ಕೇಳಲೇ ಇಲ್ಲ.

ಮರೆತೆನೇ? ಅದೂ ಸುಳ್ಳು. ಎರಡು ಸಲ ಬಾಯಿಗೆ ಬಂದಿತ್ತು. ಈಗ ಬೇಡುವ ಮಾತು ತೆಗೆದರೆ ಆ ಮಾತುಕತೆ ಅಲ್ಲಿಗೇ ಮುರಿಯುತ್ತದೆ, ಅವರು ಮತ್ತೆ ಇನ್‌ಸ್ಪೆಕ್ಟ್ರೆಸ್ ಆಗುತ್ತಾರೆ, ನಾನು ಅರ್ಜಿದಾರಳು... ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಅಂದುಕೊಂಡೆ. ಅಷ್ಟರಲ್ಲಿ ಮೋಟಾರಿನ ಹಾರ್ನ್.

"ಹೇಳ್ರಿ, ಅಕ್ಕಾರ."

ನಾಳೆ ಹೇಳ್ತೇನಿ ಅಂದೆ. ನನ್ನ ಮುಖ ನೋಡಿದಳು. ಹಾಲಿನ ತಂಬಿಗೆ ತೆಗೆದುಕೊಂಡು ಹೋದಳು.

ಫೆಬ್ರುವರಿ ೩

ಕುಬೇರಪ್ಪನವರ ಅಂಗಡಿಗೆ ನಾನೇ ಹೋದೆ. ಎದ್ದು ನಿಂತು ಮರ್ಯಾದೆ ಮಾಡಿದರು.

"ಭಾಳ ಛಂದ ಮಾತಾಡಿದ್ರಿ ಅಕ್ಕಾರ, ಸುಳ್ಳು ಯಾಕ ಹೇಳ್ಲಿ. ನಾ ದಂಗಾಗಿ ನಿಂತೆ."

"ಏಳನೆಯ ಇಯತ್ತೆಯ ವಿಷಯ ನಿಮ್ಮ ಮುಂದ ಏನರೆ ತೆಗೆದ್ರೇನ್ರಿ ಅವರು?"

"ತೆಗೆದ್ರು. ಊರ ಹೊರಗಿನ ತನಕಾ ಮೋಟಾರಿನ್ಯಾಗ ನಾನೂ ಹೋಗಿದ್ದೆ. ಕೋಣಿ ಅಡಚಣಿ ಹೇಳಿದೆ. ಹೆಡ್‌ಮಿಸ್ಟ್ರೆಸ್ ಏನಂತಾರ ಅಂದ್ರು ಮಡಮ್ಮಾರು. ನಿಮ್ಮ ಜೋಡಿ ಅಷ್ಟೊತ್ತು ಕುಂತಿದ್ರಲ್ಲರಿ, ಏಳನೇತ್ತಾದ ಮಾತು ಏನರೆ ಕೇಳಿದ್ರೇನು, ಅಂದೆ. ಇಲ್ಲ ಅಂದ್ರು. ಮತ್ತ ನೀವ ತಿಳಕೋರಿ, ಅಂದೆ. ಅಷ್ಟ ನೋಡ್ರಿ. ನಾ ಒಂದೂ ಸುಳ್ಳು ಹೇಳಿಲ್ಲ."

ಹೇಳಿಲ್ಲ. ಅದು ನಿಜ.

ಇವತ್ತು ಹಾನಗಲ್ಲಿನಲ್ಲಿ ಮಿಸ್ ಹಾಲ್ಡನ್ ಅವರ ಮುಕ್ಕಾಂ, ನಾಳೆಯಿಂದ ಹಿರೇಕೆರೂರಿನಲ್ಲಿ. ತಪಾಸಣೆಯ ದೌರೆ ಮುಗಿಸಿ ಅಲ್ಲಿಂದಲೇ ವರದಿ ಕಳಿಸುತ್ತಾರಂತೆ. ಅದನ್ನೂ ಕುಬೇರಪ್ಪನವರೇ ಹೇಳಿದರು, ಕುಸುರೆಳ್ಳು ಕೊಟ್ಟಷ್ಟೇ ಸಲೀಸಾಗಿ.

ಫೆಬ್ರುವರಿ ೪, ಶುಕ್ರವಾರ. ಹಾನಗಲ್ಲು, ಮೋಟಾರು ನಿಲ್ಲುವಲ್ಲಿ

ರಜೆಯ ಚೀಟಿ ಬರೆದಿಟ್ಟು, ವರದಿ ಹೋಗುವ ಮೊದಲೇ ಹಿರೇಕೆರೂರು ಮುಟ್ಟಬೇಕೆಂದು ಹೊರಟು ಬಂದೆ. ಪುಸ್ತಕ ತರಲಿಲ್ಲ.

ಸರ್ವಿಸ್ ಮೋಟಾರಿನಲ್ಲಿ ಪಕ್ಕದ ಮುದುಕಿ ಕೂತ ಕೂಡಲೇ ಕೇಳಿದಳು, "ಯಾರ ಪೈಕಿ ರೀ ನೀವು?" ಶಾಲೆಯಾಕೆ ಅಂದೆ. ಅದಕ್ಕೆ ಸಮಾಧಾನವಿಲ್ಲ. "ಶಾಲಿ ಇರಲಿ. ಮಂದಿ ಯಾರು?" ಕಿಟಕಿಯ ಹೊರಗೆ ನೋಡಿದೆ. ಅವಲಕ್ಕಿಯ ಗಂಟು ಬಿಚ್ಚಿ ನನ್ನ ಉಡಿಯಲ್ಲಿ ಒಂದು ಹಿಡಿ ಹಾಕಿದಳು. ಮಾತು ಮುಗಿಯಿತು ಎಂದುಕೊಂಡೆ. ಇಲ್ಲ: "ಎಲ್ಲಿಗೆ ಹೊಂಟೀರಿ? ಯಾರಿಗೆ ಏನಾಗೇತಿ?"

ಇದುವರೆಗೂ ಎಷ್ಟೋ ಜನ ಏನೇನೋ ಕೇಳಿದ್ದಾರೆ. ಯಾರಿಗೆ ಏನಾಗಿದೆ ಎಂದು ಕೇಳಿದವರಿಲ್ಲ. ಹೇಳಿದೆ. ಗುತ್ತೆವ್ವನ ಹೆಸರು ಹಿಡಿದು, ಮೊದಲಿಂದ ಕೊನೆಯವರೆಗೆ. ಒಂದು ಸಲವೂ ತಡವರಿಸಲಿಲ್ಲ. ಕನ್ನಡದಲ್ಲಿ.

ಮುಂದಿನ ಮೋಟಾರು ತಿಳವಳ್ಳಿಯ ಮೇಲೆ ಹೋಗುತ್ತದಂತೆ. ಟೈರು ಕಟ್ಟುತ್ತಿದ್ದಾರೆ. ಕೂತರೂ ಕುಳಿತಂತಿಲ್ಲ.

ಫೆಬ್ರುವರಿ ೫, ಶನಿವಾರ. ಬೆಳಿಗ್ಗೆ. ಹಿರೇಕೆರೂರು

ಪ್ರವಾಸಿ ಬಂಗಲೆಯ ಜಗಲಿ. ಜವಾನ ಹೂವಪ್ಪ ಒಳಗೆ ಸುದ್ದಿ ಕೊಟ್ಟು ಬಂದ. "ಮಡಮ್ಮಾರು ಬರಿಯಾಕತ್ತಾರ್ರಿ. ಚಹಾ ಆದ ಕೂಡ್ಲೆ ಕರೀತಾರ. ಅಲ್ಲೀತನ ಕುಂದರ್ರಿ." ಬರೆಯುತ್ತಿದ್ದಾರೆ. ವರದಿಯೇ ಇರಬೇಕು.

ಹೇಗೆ ಶುರು ಮಾಡಲಿ? ಹೌ ಡು ಯು ಡು ಆಗಿದೆ. ಹೆಸರು ಆಗಿದೆ. ಅಡವಿ, ಹೂವು, ಕವಿತೆ, ಎಲ್ಲ ಖರ್ಚು ಮಾಡಿ ಕೂತಿದ್ದೇನೆ. ಹವೆಯ ಮಾತು ತೆಗೆದರೆ ಮತ್ತೆ ಆ ಹಿತದೊಳಗೇ ಮುಳುಗುತ್ತೇನೆ. ನನ್ನನ್ನು ನಾನು ಬಲ್ಲೆ. ನನ್ನನ್ನು ಕಂಡರೆ ಅವರು ನಗುತ್ತಾರೆ, ಖುರ್ಚಿ ತೋರಿಸುತ್ತಾರೆ. ಆ ನಗು ಹೋಗಬಹುದು. ಹೋಗಲಿ. ಕೂರಬಾರದು. ನಿಂತೇ ಹೇಳಬೇಕು.

ಐ ಹ್ಯಾವ್ ಕಮ್ ಟು ಆಸ್ಕ್. ಇದು ಪುಸ್ತಕದಲ್ಲಿಲ್ಲ. ಸರಿ ಇದೆಯೋ ಇಲ್ಲವೋ. ಇದೂ ನನ್ನಿಂದಲೇ ಶುರು. ಮತ್ತೆ ಐ.

ಬೇಡ. ಗುತ್ತೆವ್ವ, ಹಮೀದುನ್ನೀಸಾ, ಯಂಕವ್ವ, ಶಾರವ್ವ... ಮೊದಲು ಇವರು ಒಳಗೆ ಹೋಗಲಿ.

ಕಪ್ಪಿನ ಸದ್ದು ನಿಂತಿತು. ಹೂವಪ್ಪ ಕೈ ಮಾಡುತ್ತಿದ್ದಾನೆ.

ಗುತ್ತೆವ್ವ ಈಜ್ ಫೋರ್ಟೀನ್. ಶೀ ಈಜ್ —